ಮಾವನ ಊರುಗೋಲಿಗೆ ನಾಲ್ಕು ಬುಷ್

"ಈ ನೆಲಕ್ಕೆ ನನ್ನ ಮೇಲೆ ಏನು ಹಗೆ?"

ಮಾವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಬೆಳಗಿನ ಆರು ಗಂಟೆ. ಮನೆಯವರೆಲ್ಲ ಇನ್ನೂ ಮಲಗಿದ್ದಾರೆಂದೇ ಅವರು ತಿಳಿದಿದ್ದರು. ಬಲಗೈ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಎಡಗಂಕುಳಿನ ಊರುಗೋಲು ಮಾತ್ರ ಯಜಮಾನನಿಗಿಂತ ಮೊದಲೇ ಹೊರಟು, ಒದ್ದೆ ಟೈಲ್ಸಿನ ಮೇಲೆ ಮೊಳದುದ್ದ ಕಪ್ಪು ಗೆರೆ ಎಳೆದಿತ್ತು.

ಪಕ್ಕದ ಕೋಣೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದ ಸೊಸೆಗೆ ಆ ಮಾತು ಕೇಳಿಸಿತು. ಬಾಚಣಿಗೆ ಕೂದಲಲ್ಲೇ ನಿಂತಿತು. ಬಿದ್ದವರನ್ನು ಎತ್ತಬಹುದು, ಬೀಳಲೇ ಇಲ್ಲವೆಂದು ನಿಂತವರನ್ನು ಎತ್ತುವುದು ಹೇಗೆ? ಆಕೆ ಸುಮ್ಮನೆ ಒಮ್ಮೆ ಕೆಮ್ಮಿದಳು. ಮಾವ ಕೂಡಲೇ ದನಿ ಏರಿಸಿ, "ಕಾಫಿಗೆ ನೀರಿಟ್ಟಿದ್ದೀನಿ ಕಣಮ್ಮಾ, ನಿಧಾನಕ್ಕೆ ಬಾ," ಎಂದರು. ನೀರು ಇಟ್ಟಿರಲಿಲ್ಲ.

ಮಾವ ಮೂವತ್ತೊಂದು ವರ್ಷ ಒಂದು ವಿದ್ಯಾರ್ಥಿ ನಿಲಯದ ದೊಡ್ಡ ಬಾಣಸಿಗರಾಗಿದ್ದವರು. ಮುನ್ನೂರು ಜನರ ಹಸಿವನ್ನು ದಿನಕ್ಕೆ ಮೂರು ಸಲ ಅಡಗಿಸಿದ ಕೈ ಅದು. ಹೋದ ವರ್ಷ ಮೆಟ್ಟಿಲಿನಿಂದ ಉರುಳಿ ಎಡ ಮೊಣಕಾಲು ನುಜ್ಜಾಯಿತು. ಮೂಳೆ ಕೂಡಿತು, ಆದರೆ ಕಾಲು ಮಡಚುವುದನ್ನು ಮರೆತುಬಿಟ್ಟಿತು. ನಿಲಯದ ಮ್ಯಾನೇಜರು ಒಳ್ಳೆಯವನೇ; ಸ್ವಲ್ಪ ಪುಕ್ಕಲ.

"ಯಜಮಾನ್ರೇ, ನಿಮ್ಮ ಜಾಗ ಯಾರಿಗೂ ಕೊಟ್ಟಿಲ್ಲ," ಎಂದು ಅವನೇ ಮನೆಗೆ ಬಂದು ಹೇಳಿದ್ದ. "ಆದ್ರೆ ನಮ್ಮ ಅಡುಗೆಮನೆ ನೆಲ ನಿಮಗೆ ಗೊತ್ತಲ್ಲ. ಎಣ್ಣೆ, ಸೋಪಿನ ನೀರು, ಪಕ್ಕದಲ್ಲೇ ಕುದಿಯೋ ಹಂಡೆ. ಒಲೆಯಿಂದ ತೊಳೆಯೋ ತೊಟ್ಟಿ ತನಕ, ತೊಟ್ಟಿಯಿಂದ ಒಲೆ ತನಕ, ಗೋಡೆ ಮುಟ್ಟದೆ ಒಂದೇ ಒಂದ್ಸಲ ನಡೆದು ತೋರಿಸಿಬಿಡಿ, ಸಾಕು. ನಿಮ್ಮ ರಜೆ ಮುಗಿಯೋ ತನಕ ಕಾಯ್ತೀನಿ. ಆಮೇಲೆ ನಾನು ಬೇರೆಯವರನ್ನ ನೋಡ್ಲೇಬೇಕು."

ರಜೆ ಮುಗಿಯಲು ಏಳು ವಾರ ಉಳಿದಿತ್ತು.

ಮನೆಯಲ್ಲಿ ಊಟಕ್ಕೇನೂ ತೊಂದರೆಯಿರಲಿಲ್ಲ. ಮಗನಿಗೆ ಹಡಗಿನ ಕೆಲಸ, ಸೊಸೆಗೆ ಕಾರ್ಖಾನೆಯ ಕೆಲಸ. ತೊಂದರೆಯಿದ್ದದ್ದು ಊಟ ಹೆಚ್ಚಾದದ್ದರಲ್ಲಿ. ಮಾವ ಕೂತಲ್ಲೇ ಟೊಮೆಟೊ ಹೆಚ್ಚಿದರೆ ಅದು ಮುನ್ನೂರು ಜನಕ್ಕೆ ಆಗುವಷ್ಟು ಇರುತ್ತಿತ್ತು. ಅತ್ತೆ ನೆರೆಹೊರೆಗೆ ಹಂಚಿ ಹಂಚಿ ಸೋತಿದ್ದರು. ಅವರ ಕೈಯಲ್ಲಿ ಪಾತ್ರೆ ಕಂಡರೆ ಈಗ ಬೀದಿಯವರು ಕದ ಹಾಕಿಕೊಳ್ಳುತ್ತಿದ್ದರು.

"ಇವರನ್ನ ಹೇಗಾದ್ರೂ ಆ ಒಲೆ ಮುಂದೆ ನಿಲ್ಸಮ್ಮ ತಾಯಿ," ಎಂದು ಅತ್ತೆ ಸೊಸೆಗೆ ಕೈಮುಗಿದರು. "ಮೊನ್ನೆ ಮಧ್ಯಾಹ್ನ ಮಲಗಿದ್ದಾಗ ಕನವರಿಸ್ತಾರೆ, 'ಉಪ್ಪು ನಾನು ನೋಡ್ತೀನಿ, ನೀವ್ಯಾರೂ ಮುಟ್ಟಬೇಡಿ' ಅಂತ. ನಂಗೆ ಅಳು ಬಂತು, ನಗೂನೂ ಬಂತು."

ಸೊಸೆಯ ಕೆಲಸವೇ ರಬ್ಬರು. ಅಚ್ಚಿನ ಯಂತ್ರಗಳಿಗೆ ಉರುಳೆ, ಪಂಪುಗಳಿಗೆ ವಾಷರು ಮಾಡುವ ಕಾರ್ಖಾನೆಯ ಲ್ಯಾಬಿನಲ್ಲಿ ಆಕೆ ರಸಾಯನ ತಜ್ಞೆ. ಅವತ್ತು ಸಂಜೆ ಊರುಗೋಲಿನ ಬುಡಕ್ಕೆ ತೊಡಿಸಿದ್ದ ರಬ್ಬರ್ ಬುಷ್ಷನ್ನು ಕಳಚಿ ಮೂಸಿದಳು, ಹಿಸುಕಿದಳು. ಅಡುಗೆಮನೆಯ ಎಣ್ಣೆಯನ್ನೆಲ್ಲ ಕುಡಿದು ಅದು ಹಾಲಲ್ಲಿ ನೆನೆದ ಬ್ರೆಡ್ಡಿನಂತಾಗಿತ್ತು.

ಮರುದಿನ ಅದನ್ನು ಲ್ಯಾಬಿನ ಹಿರಿಯರ ಮೇಜಿನ ಮೇಲಿಟ್ಟಳು. ಅವರನ್ನು ಕಾರ್ಖಾನೆಯವರೆಲ್ಲ ತಕ್ಕಡಿ ಸರ್ ಎನ್ನುತ್ತಿದ್ದರು. ಪುಡಿಯನ್ನಷ್ಟೇ ಅಲ್ಲ, ಮಾತನ್ನೂ ತೂಗಿ ಹಾಕುವ ಮನುಷ್ಯ.

"ಈ ರಬ್ಬರಿಗೂ ಎಣ್ಣೆಗೂ ನೆಂಟಸ್ತನ ಜಾಸ್ತಿ," ಎಂದರು ಅವರು.

"ಆ ನೆಂಟಸ್ತನ ಮುರೀಬೇಕು ಸರ್."

"ಎಪಾಕ್ಸಿ?"

"ಎಪಾಕ್ಸಿ."

"ಮಧ್ಯಾಹ್ನದ ಮೇಲೆ ಸಣ್ಣ ಪಾತ್ರೆ ಖಾಲಿ ಇರುತ್ತೆ," ಎಂದು ಅವರು ತಮ್ಮ ತಕ್ಕಡಿಯ ಕಡೆ ತಿರುಗಿಕೊಂಡರು. ಅವರ ಮಟ್ಟಿಗೆ ಅದೊಂದು ಭಾಷಣ.

ಆ ಲ್ಯಾಬಿನ ರಬ್ಬರು ಮರ ಕೊಟ್ಟದ್ದಲ್ಲ, ಮನುಷ್ಯರು ಮಾಡಿದ್ದು. ಹಾಲಿನಂತೆ ಬೆಳ್ಳಗೆ ಡ್ರಮ್ಮಿನಲ್ಲಿ ಬರುತ್ತಿತ್ತು. ಅದರ ಒಂದೊಂದು ಅಣುವೂ ಒಂದು ಉದ್ದನೆಯ ಸರಪಳಿ. ಸರಪಳಿಯ ಉದ್ದಕ್ಕೂ ಇಂತಿಷ್ಟು ದೂರಕ್ಕೆ ಒಂದೊಂದು ಜೋಡಿ ಕೊಂಡಿ. ಆ ಕೊಂಡಿಯ ಒಂದು ಎಳೆಯನ್ನು ಮೆಲ್ಲಗೆ ಬಿಡಿಸಿ, ಅಲ್ಲಿ ಆಮ್ಲಜನಕದ ಒಂದು ಪರಮಾಣುವನ್ನು ಕೂರಿಸಿದರೆ (ಅವರಿಬ್ಬರೂ ಎಪಾಕ್ಸಿ ಎಂದದ್ದು ಇದನ್ನೇ) ರಬ್ಬರಿನ ಗುಣವೇ ಬೇರೆಯಾಗುತ್ತದೆ: ಎಣ್ಣೆಯನ್ನು ಹತ್ತಿರ ಸೇರಿಸದು, ಒದ್ದೆ ನೆಲವನ್ನು ಬಿಟ್ಟುಕೊಡದು. ನೂರು ಕೊಂಡಿಗಳಲ್ಲಿ ಎಷ್ಟಕ್ಕೆ ಹೀಗೆ ಕೂರಿಸಬೇಕು ಎಂಬಲ್ಲಿದೆ ಗುಟ್ಟು. ಕಡಿಮೆಯಾದರೆ ಹಳೇ ಚಾಳಿ ಬಿಡದು. ಹೆಚ್ಚಾದರೆ ರಬ್ಬರು ರಬ್ಬರಾಗಿಯೇ ಉಳಿಯದು.

ಮೊದಲ ದಿನ ಸೊಸೆ ಅವಸರ ಮಾಡಿದಳು. ಬೆಚ್ಚಗಿನ ರಬ್ಬರ್ ಹಾಲಿಗೆ ಆಮ್ಲವನ್ನೂ ಪೆರಾಕ್ಸೈಡನ್ನೂ ಬೇಗಬೇಗ ಬಿಟ್ಟಳು. ಹಾಲು ಒಡೆದು, ಕಲಕುವ ಕಡ್ಡಿಗೆ ಗಂಟುಗಂಟಾಗಿ ಸುತ್ತಿಕೊಂಡಿತು. ಮನೆಗೆ ಬಂದು ಊಟದ ಹೊತ್ತಿಗೆ ಈ ಕಥೆ ಹೇಳಿದಾಗ ಮಾವ ತಟ್ಟೆಯತ್ತಲೇ ನೋಡುತ್ತ ಕೇಳಿದರು. ಆಮೇಲೆ ಬಹಳ ಸಂಕೋಚದಿಂದ, "ನಾನು ಹೇಳ್ತೀನಿ ಅಂತ ಅಲ್ಲ ಮಗಳೇ... ಮೊಟ್ಟೆ ಹಳದಿಗೆ ಎಣ್ಣೆ ಸೇರ್ಸುವಾಗ ನಾವು ಹನಿ ಹನಿ ಬಿಡ್ತೀವಿ. ಒಂದು ಹನಿ ಮಾಯ ಆದ್ಮೇಲೆ ಇನ್ನೊಂದು. ಕೈ ನಿಲ್ಲಬಾರದು, ಮನಸ್ಸು ಓಡಬಾರದು. ನಿಮ್ಮ ಪದ್ಧತಿ ಬೇರೆ ಇರುತ್ತೆ ಬಿಡು," ಎಂದರು.

ಪದ್ಧತಿ ಬೇರೆ ಇರಲಿಲ್ಲ. ಮರುದಿನ ಸೊಸೆ ಹನಿ ಹನಿಯಾಗಿ ಬಿಟ್ಟಳು. ಹಾಲು ಹಾಲಾಗಿಯೇ ಉಳಿಯಿತು.

ಮೊದಲು ನೂರಕ್ಕೆ ಹತ್ತು ಕೊಂಡಿ. ಆ ಹಾಲನ್ನು ಹೆಪ್ಪುಗಟ್ಟಿಸಿ, ತೊಳೆದು, ಒಣಗಿಸಿ, ಗಂಧಕವನ್ನೂ ಬಿಳಿಯ ಸಿಲಿಕಾ ಪುಡಿಯನ್ನೂ ಬೆರೆಸಿ, ಅಚ್ಚಿನಲ್ಲಿಟ್ಟು ಬೇಯಿಸಿದಾಗ ಬಿಸ್ಕತ್ತಿನ ಬಣ್ಣದ ಒಂದು ಬುಷ್ ಬಂತು. ಮಾವ ಅದನ್ನು ಊರುಗೋಲಿಗೆ ತೊಡಿಸಿ ಅಂಗಳದಲ್ಲಿ ಎರಡು ಸುತ್ತು ಹಾಕಿದರು.

"ಹೇಗಿದೆ ಮಾವ?"

"ಬಹಳ ಚೆನ್ನಾಗಿದೆ!"

ಆಕೆ ನಲವತ್ತಕ್ಕೆ ಹೋದಳು. ಮಾವ ನಡೆದರು.

"ಇದು?"

"ಇದು ಅದಕ್ಕಿಂತ ಚೆನ್ನಾಗಿದೆ!"

ಲ್ಯಾಬಿನಲ್ಲಿ ಅದರ ತುಂಡುಗಳನ್ನು ಎಣ್ಣೆಯಲ್ಲಿ ನೆನೆಹಾಕಿ ತೂಗಿದಾಗಲೂ ಲೆಕ್ಕ ಅದನ್ನೇ ಹೇಳಿತು. ಕೊಂಡಿ ಹೆಚ್ಚಿದಂತೆ ಎಣ್ಣೆ ಕುಡಿಯುವುದು ಇಳಿಯುತ್ತಿತ್ತು. ನೆಲ ಹಿಡಿಯುವುದನ್ನು ಅಳೆಯುವ ಯಂತ್ರ ಅಲ್ಲಿರಲಿಲ್ಲ. ಆ ಪರೀಕ್ಷೆಗೆ ಮಾವನ ಮಾತೇ ಯಂತ್ರ. ಸೊಸೆ ಹುರುಪಿನಿಂದ ಅರವತ್ತು ಕೊಂಡಿ ಕೂರಿಸಿದಳು. ಮಾವ ನಡೆದು ಬಂದು, "ಇದರ ಮುಂದೆ ಯಾವುದೂ ಇಲ್ಲ," ಎಂದರು. ಅಷ್ಟರಲ್ಲಿ ಐದು ವಾರ ಕಳೆದಿತ್ತು.

ಮರುದಿನ ಬೆಳಿಗ್ಗೆ ಆಕೆ ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಮಾವನ ನಡಿಗೆ ಕೇಳಿದಳು. ಟಕ್. ಟಕ್. ಟಕ್. ರಬ್ಬರು ನೆಲಕ್ಕೆ ತಾಗಿದರೆ ಮುದ್ದಿಟ್ಟಂತೆ ಸದ್ದಾಗಬೇಕು. ಇದು ಕದ ತಟ್ಟಿದ ಸದ್ದು. ನಡುವೆ ಒಮ್ಮೆ ಸದ್ದು ನಿಂತು, ಗೋಡೆಗೆ ಅಂಗೈ ಬಡಿದದ್ದು ಕೇಳಿಸಿ, ಮತ್ತೆ ಟಕ್ ಎಂದಿತು.

ಆಕೆ ನೇರ ಅತ್ತೆಯ ಬಳಿ ಹೋದಳು. "ಅತ್ತೇ, ನಿಜ ಹೇಳಿ. ಮಾವ ಬೀಳ್ತಿದ್ದಾರಾ?"

ಅತ್ತೆ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. "ನಾನೇನೂ ಹೇಳಲ್ಲಪ್ಪ. ಹೇಳಬೇಡ ಅಂದಿದ್ದಾರೆ. ಮಂಗಳವಾರ ಬಚ್ಚಲಲ್ಲಿ, ಗುರುವಾರ ಹಿತ್ತಿಲಲ್ಲಿ ಅಂತ ನಾನ್ಯಾಕೆ ಹೇಳ್ಲಿ? ಮೊಣಕೈ ನೀಲಿಗಟ್ಟಿದೆ ಅಂತ ನನ್ನ ಬಾಯಿಂದ ಬರಲ್ಲ."

"ಮತ್ತೆ ಚೆನ್ನಾಗಿದೆ, ಚೆನ್ನಾಗಿದೆ ಅಂತಾರಲ್ಲ!"

"ನೀನು ಮದುವೆಯಾಗಿ ಬಂದ ಹೊಸದರಲ್ಲಿ ಅನ್ನ ತಳ ಹಿಡಿಸಿ ಇಟ್ಟಿದ್ಯಲ್ಲ, ಅದನ್ನೂ ಚೆನ್ನಾಗಿದೆ ಅಂತ ಎರಡು ಸಲ ಹಾಕಿಸಿಕೊಂಡು ತಿಂದ್ರು. ಮರೆತ್ಯಾ? ಪ್ರೀತಿಯಿಂದ ಬಡಿಸಿದ್ದಕ್ಕೆ ಹೆಸರಿಡಬಾರದು ಅನ್ನೋದು ಅವರ ವ್ರತ. ನೀನು ಕಲ್ಲು ಬಡಿಸು, ಮೆತ್ತಗಿದೆ ಅಂತಾರೆ."

ಸೊಸೆ ಗೋಡೆಗೊರಗಿ ಕೂತುಬಿಟ್ಟಳು. ನೆಲ ಹಿಡಿಯುವ ಬಗ್ಗೆ ಐದು ವಾರ ಅವಳು ಬರೆದಿಟ್ಟುಕೊಂಡದ್ದೆಲ್ಲ ರಬ್ಬರಿನ ಗುಣವಾಗಿರಲಿಲ್ಲ, ಮಾವನ ಗುಣವಾಗಿತ್ತು.

ತಕ್ಕಡಿ ಸರ್ ವಿಷಯ ಕೇಳಿ ನಗಲಿಲ್ಲ. ಆಕೆಯ ಪುಸ್ತಕ ತಿರುವಿ ನೋಡಿ, "ಹತ್ತರಿಂದ ನಲವತ್ತಕ್ಕೆ ಹಾರಿದ್ದೀಯ. ಮಧ್ಯದ ಮೆಟ್ಟಿಲು?" ಎಂದರು. ಪುಸ್ತಕ ಮುಚ್ಚುತ್ತ, "ಅರವತ್ತು ಹಾಕಿದ್ರೆ ಬೆಳಗಿನ ತಣ್ಣನೆ ನೆಲದ ಮೇಲೆ ಅದು ಮರ," ಎಂದೂ ಸೇರಿಸಿದರು. ಗಾಬರಿಯಾದಾಗ ಮಾತ್ರ ಅವರು ಇಷ್ಟೊಂದು ಮಾತಾಡುತ್ತಿದ್ದರು.

ಆಕೆ ನೂರಕ್ಕೆ ಇಪ್ಪತ್ತೈದು ಕೊಂಡಿಯ ಹಾಲು ಮಾಡಿದಳು. ಮಾಡುವುದು ಮಾಡಿದಳು, ಆದರೆ ನಿಜ ಹೇಳುವವರು ಯಾರು? ಅದಕ್ಕೆ ದಾರಿ ತೋರಿದ್ದು ಅತ್ತೆ.

"ಹಾಸ್ಟೆಲಲ್ಲಿ ಇವರ ಕೈಕೆಳಗೆ ಇದ್ದೋರನ್ನ ಕೇಳು," ಎಂದರು ಅತ್ತೆ. "ಪರರ ಅಡುಗೆ ಬಾಯಿಗಿಟ್ರೆ ಈ ಮಹಾನುಭಾವರ ನಾಲಗೆ ಎಂಥದು ಅಂತ ಗೊತ್ತಾಗುತ್ತೆ. ಮನೆಯವರಿಗೆ ಜೇನು, ಹೊರಗಿನವರಿಗೆ ಮೆಣಸಿನಕಾಯಿ. ನಿನ್ನ ಬುಷ್ಷನ್ನ ಹೊರಗಿನವರದು ಮಾಡು."

ಹತ್ತು, ಇಪ್ಪತ್ತೈದು, ನಲವತ್ತು, ಅರವತ್ತು. ನಾಲ್ಕು ಪಾಕಕ್ಕೂ ಬೇರೆಬೇರೆ ಬಣ್ಣ ಬೆರೆಸಿ ಸೊಸೆ ಹೊಸದಾಗಿ ಅಚ್ಚು ಹಾಕಿದಳು: ಹಸಿರು, ಕಂದು, ಕೆಂಪು, ಹಳದಿ. ಭಾನುವಾರ ಬೆಳಿಗ್ಗೆ ಅವನ್ನೊಂದು ರಟ್ಟಿನ ಡಬ್ಬದಲ್ಲಿಟ್ಟು ಮಾವನ ಮುಂದೆ ಹಿಡಿದಳು.

"ದೂರದ ಯಾವುದೋ ಕಂಪನಿಯವರು ಕಳಿಸಿದ್ದಾರೆ ಮಾವ. ನಮ್ಮ ಲ್ಯಾಬಿಗೆ ಅಭಿಪ್ರಾಯ ಬೇಕಂತೆ. ನನ್ನ ಕೈಲಿ ಆಗಲ್ಲ, ನೀವು ಸ್ವಲ್ಪ ನೋಡ್ತೀರಾ?"

"ಬೇರೆಯವರದ್ದಾ?" ಮಾವನ ಬೆನ್ನು ತಾನಾಗಿಯೇ ನೆಟ್ಟಗಾಯಿತು. "ಹೂಂ, ತಾ ನೋಡೋಣ."

ಹಿತ್ತಿಲಿನ ಒಗೆಯುವ ಜಾಗದ ಟೈಲ್ಸಿನ ಮೇಲೆ ಅತ್ತೆ ಎಣ್ಣೆ ಸುರಿದರು, ಮೇಲೆ ಸೋಪಿನ ನೀರು ಚೆಲ್ಲಿದರು. ಎರಡೂ ಬದಿಗೆ ಹಳೇ ಹಾಸಿಗೆ ಹಾಸಿ, ಒಂದು ಕಡೆ ತಾವೇ ಕೈಚಾಚಿ ನಿಂತರು. ಸೊಸೆ ಪುಸ್ತಕ ಹಿಡಿದು ಮೆಟ್ಟಿಲ ಮೇಲೆ ಕೂತಳು.

ಮೊದಲು ಹಸಿರು. ಎರಡು ಹೆಜ್ಜೆಗೇ ಮಾವ ನಿಂತರು. "ಥೂ! ಎಣ್ಣೆ ಕಂಡ ಕೂಡಲೇ ಹಲ್ಲು ಗಿಂಜುತ್ತೆ. ಇದನ್ನ ಮಾಡಿದವನಿಗೆ ಎಣ್ಣೆ ಅಂಗಡಿ ಇರಬೇಕು. ಬರ್ಕೋ."

ಸೊಸೆ ಬರೆದುಕೊಂಡಳು.

ಹಳದಿ. ಟಕ್ ಎಂದದ್ದೇ ತಡ, ಊರುಗೋಲು ಹಾರಿ, ಮಾವ ಅತ್ತೆಯ ತೋಳಿಗೆ ಬಂದು ಬಿದ್ದರು. "ಇದು ರಬ್ಬರಾ? ಕುದುರೆ ಲಾಳ! ಯಾವ ಕತ್ತೆ ಮಾಡಿದ್ದು ಇದನ್ನ? ಆ ಕತ್ತೆ ಕಾಲಿಗೇ ಹೊಡೆದು ನಡೆಸಬೇಕು. ಬರ್ಕೊಂಡ್ಯಾ?"

"ಕತ್ತೆ ಅಂತ ಬರೀಲಾ ಮಾವ?"

"ದೊಡ್ಡ ಅಕ್ಷರದಲ್ಲಿ ಬರಿ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸೊಸೆ ದೊಡ್ಡ ಅಕ್ಷರದಲ್ಲಿ ಬರೆದಳು. ಇಷ್ಟು ವಾರಗಳಲ್ಲಿ ಮೊದಲ ಸಲ ಅವಳ ಪುಸ್ತಕದಲ್ಲಿ ಸತ್ಯ ಬೀಳುತ್ತಿತ್ತು.

ಕೆಂಪಿನ ಮೇಲೆ ಮಾವ ಸ್ವಲ್ಪ ದೂರ ನಡೆದರು. "ಇದು ಪರವಾಗಿಲ್ಲ ಅನ್ನಿಸುತ್ತೆ. ಆದ್ರೆ ನೆರಳಿರೋ ಕಡೆ, ನೆಲ ತಣ್ಣಗಿರೋ ಕಡೆ ಬಂದ್ರೆ ಮುಖ ಗಂಟು ಹಾಕ್ಕೊಂಡು ಬಿಗೀತದೆ. ನಿಮ್ಮತ್ತೆ ಥರ."

"ಏನಂದ್ರಿ?" ಚಾಚಿದ್ದ ಕೈಯನ್ನು ಅತ್ತೆ ಹಿಂದಕ್ಕೆ ತೆಗೆದುಕೊಂಡರು.

"ಹಿಡ್ಕೋ ಮಾರಾಯ್ತಿ, ಹಿಡ್ಕೋ! ಬಿಸಿಲಿಗೆ ಸರಿಹೋಗುತ್ತೆ ಅಂದೆ."

ಕೊನೆಗೆ ಕಂದು. ಮಾವ ಊರುಗೋಲನ್ನು ಊರಿದರು. ಸದ್ದಾಗಲಿಲ್ಲ. ಇನ್ನೊಂದು ಹೆಜ್ಜೆ. ಸೊಸೆ ಪೆನ್ನು ಹಿಡಿದು ಬೈಗುಳಕ್ಕೆ ಕಾದಳು. ಬೈಗುಳ ಬರಲಿಲ್ಲ. ಮಾವ ಟೈಲ್ಸಿನ ಆ ತುದಿಗೆ ಹೋಗಿ ತಿರುಗಿದರು, ಈ ತುದಿಗೆ ಬಂದರು. ಎಣ್ಣೆಯ ಡಬ್ಬವನ್ನು ಅತ್ತೆಯ ಕೈಯಿಂದ ಕಸಿದು ಉಳಿದದ್ದನ್ನೆಲ್ಲ ತಾವೇ ಸುರಿದು, ಅದರ ನಡುಮಧ್ಯೆ ಊರುಗೋಲಿಟ್ಟು ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟರು. ಊರುಗೋಲು ಬೇರು ಬಿಟ್ಟಂತೆ ನಿಂತಿತು. ಅವರು ಬಲಗೈ ಎತ್ತಿದರು, ಗಾಳಿಯಲ್ಲಿ ಸೌಟು ತಿರುವಿದರು. ಇಲ್ಲದ ಹಂಡೆಯಿಂದ ಇಲ್ಲದ ಸಾರನ್ನು ತೆಗೆದು ನಾಲಗೆಗೆ ಹಚ್ಚಿ ನೋಡಿದರು. ಅವರ ಕಣ್ಣು ತುಂಬಿ ಬಂದಿತ್ತು.

"ಯಾರಮ್ಮ ಇದನ್ನ ಮಾಡಿದ್ದು?" ಎಂದು ಮೆಲ್ಲಗೆ ಕೇಳಿದರು. "ಕೈ ಇರೋ ಮನುಷ್ಯ. ಅವನನ್ನ ಒಂದಿನ ಊಟಕ್ಕೆ ಕರಿ. ನಾನೇ ಮಾಡಿ ಬಡಿಸ್ತೀನಿ."

"ದಿನಾ ನಿಮ್ಮ ಪಕ್ಕದಲ್ಲೇ ಕೂತು ಉಣ್ತಾಳಲ್ಲ," ಎಂದರು ಅತ್ತೆ.

ಮಾವ ಸೊಸೆಯ ಮುಖ ನೋಡಿದರು, ಡಬ್ಬ ನೋಡಿದರು. ಒಂದೊಂದಾಗಿ ಲೆಕ್ಕ ಹಾಕುತ್ತಿದ್ದಂತೆ ಅವರ ಕಿವಿ ಕೆಂಪಾಯಿತು. "ಹಾಗಾದ್ರೆ ಆ ಎಣ್ಣೆ ಅಂಗಡಿ..."

"ನಾನೇ ಮಾವ."

"ಆ ಕುದುರೆ ಲಾಳದ..."

"ಆ ಕತ್ತೆಯೂ ನಾನೇ. ದೊಡ್ಡ ಅಕ್ಷರದಲ್ಲಿ ಬರೆದಿದ್ದೀನಿ ನೋಡಿ."

"ಅಯ್ಯೋ ದೇವರೇ," ಎಂದು ಮಾವ ಹಣೆ ಹಣೆ ಚಚ್ಚಿಕೊಂಡರು. ಚಚ್ಚಿಕೊಳ್ಳುತ್ತಲೇ ನಗು ಹೊಟ್ಟೆಯಿಂದ ಎದ್ದು ಬಂತು. ಅತ್ತೆ ನಕ್ಕು ನಕ್ಕು ಹಾಸಿಗೆಯ ಮೇಲೆ ಕೂತುಬಿಟ್ಟರು. ಪಕ್ಕದ ಮನೆಯ ಕಿಟಕಿ ತೆರೆಯಿತು. ಪಾತ್ರೆ ಹಿಡಿದು ಯಾರೂ ಬರುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಆ ಮನೆಯವರೂ ಸುಮ್ಮನೆ ನಕ್ಕರು.

ರಜೆ ಮುಗಿಯುವ ದಿನ ಮಾವ ಬಿಳಿಯ ಅಂಗಿ ತೊಟ್ಟು ನಿಲಯದ ಅಡುಗೆಮನೆಗೆ ಹೋದರು. ಸೊಸೆ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದಿದ್ದಳು. ಉದ್ದನೆಯ ಕೋಣೆ, ಒಂದು ಕಡೆ ಆರು ದೊಡ್ಡ ಒಲೆ, ಇನ್ನೊಂದು ಕಡೆ ಕಲ್ಲಿನ ತೊಟ್ಟಿ, ಮಧ್ಯೆ ಮೂವತ್ತು ಹೆಜ್ಜೆಯ ಮಿರುಗುವ ನೆಲ. ಸಹಾಯಕರೆಲ್ಲ ಸಾಲಾಗಿ ನಿಂತಿದ್ದರು. ಮ್ಯಾನೇಜರು ಮಾವನಿಗಿಂತ ಹೆಚ್ಚು ಬೆವರುತ್ತಿದ್ದ.

"ಬೇಕಾದ್ರೆ ನೆಲ ಒರೆಸಿಬಿಡ್ಲಾ ಯಜಮಾನ್ರೇ?"

"ಮುಟ್ಟಬೇಡ," ಎಂದರು ಮಾವ. "ದಿನಾ ಹೇಗಿರುತ್ತೋ ಹಾಗೇ ಇರ್ಲಿ."

ಅವರು ಹೊರಟರು. ಸೊಸೆ ಕಣ್ಣು ಮುಚ್ಚಿಕೊಂಡಳು; ನೋಡಲು ಧೈರ್ಯವಿರಲಿಲ್ಲ, ಕೇಳಲು ಇತ್ತು. ಊರುಗೋಲಿನ ಸದ್ದಿಲ್ಲ. ಚಪ್ಪಲಿಯ ಸದ್ದು ಮಾತ್ರ, ಒಂದು ನಿಧಾನ, ಒಂದು ಬೇಗ, ತಾಳ ತಪ್ಪದೆ ಹೋಗುತ್ತಿತ್ತು. ತೊಟ್ಟಿಯ ಅಂಚಿಗೆ ಉಂಗುರ ತಾಗಿದ ಸದ್ದಾಯಿತು. ತಿರುಗಿದರು. ಚಪ್ಪಲಿ ಮತ್ತೆ ಹತ್ತಿರ ಬಂತು, ಹತ್ತಿರ ಬಂತು, ಆಮೇಲೆ ಥಟ್ಟನೆ ನಿಂತಿತು. ಆಕೆ ಕಣ್ಣು ಬಿಟ್ಟಳು.

ಮಾವ ಮೂರನೆಯ ಒಲೆಯ ಮುಂದೆ ನಿಂತಿದ್ದರು. ಊರುಗೋಲು ಎಣ್ಣೆಯ ಮಡುವಿನಲ್ಲಿ ನೆಟ್ಟಗಿತ್ತು. ಅವರ ನೋಟ ಬಾಣಲೆಯ ಮೇಲಿತ್ತು.

"ಯಾವನೋ ಇದು ಈರುಳ್ಳಿ ಹುರಿದಿರೋನು?" ಎಂದು ಗುಡುಗಿದರು. "ಹೊನ್ನಿನ ಬಣ್ಣ ಬರಬೇಕು ಅಂತ ಮೂವತ್ತೊಂದು ವರ್ಷ ಬಾಯಿ ಬಡ್ಕೊಂಡಿದ್ದೀನಿ, ಇದು ಇದ್ದಿಲಾಗಿದೆ! ಸೌಟು ಕೊಡು ಇಲ್ಲಿ. ಸರಿ ಆಚೆ!"

ಬೈಸಿಕೊಂಡವನ ಮುಖ ಅರಳಿತು. ಸಾಲಿನಲ್ಲಿ ನಿಂತವರಲ್ಲೊಬ್ಬ ಶಿಳ್ಳೆ ಹೊಡೆದ. ಮ್ಯಾನೇಜರು ಕರವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತ, "ಇನ್ನು ಮೂರು ಹೆಜ್ಜೆ ಬಾಕಿ ಇತ್ತು ಯಜಮಾನ್ರೇ... ಹೋಗ್ಲಿ ಬಿಡಿ, ಹೋಗ್ಲಿ ಬಿಡಿ," ಎಂದ. ಆ ಮೂರು ಹೆಜ್ಜೆಯನ್ನು ಮಾವ ಅವತ್ತು ಸಂಜೆ ಮನೆಗೆ ಹೊರಟಾಗಲೇ ನಡೆದದ್ದು. ಅಷ್ಟರಲ್ಲಿ ಮುನ್ನೂರು ಜನ ಉಂಡು ಎದ್ದಿದ್ದರು.

ಹತ್ತು ದಿನ ಕಳೆಯಿತು. ತಕ್ಕಡಿ ಸರ್ ಸೊಸೆಯ ಮೇಜಿನ ಹತ್ತಿರ ಬಂದು ನಿಂತು, "ಬಳಸಿದ್ದು ಬೇಕು. ಅಡ್ಡ ಕೊಯ್ದು ನೋಡಬೇಕು," ಎಂದರು. ಎಣ್ಣೆಯಲ್ಲೇ ಹತ್ತು ದಿನ ನಿಂತ ಬುಷ್ ಒಳಗೆ ಎಷ್ಟು ಊದಿದೆ, ಅಂಚು ಎಷ್ಟು ಸವೆದಿದೆ ಎಂಬುದು ತಿಳಿದರೆ, ಆಮೇಲೆ ಬೇಕಾದವರಿಗೆಲ್ಲ ಮಾಡಿಕೊಡಬಹುದು. ನ್ಯಾಯವಾದ ಮಾತು. ಸೊಸೆ ಅದೇ ಪಾಕದ ಹೊಸ ಬುಷ್ಷೊಂದನ್ನು ಅಚ್ಚು ಹಾಕಿ ಚೀಲದಲ್ಲಿಟ್ಟುಕೊಂಡು ಮನೆಗೆ ಬಂದಳು.

ಮಾವ ಕೆಲಸ ಮುಗಿಸಿ ಬಂದು ಅಂಗಳದ ಬೆಂಚಿನ ಮೇಲೆ ಕೂತಿದ್ದರು. ಮೈಯೆಲ್ಲ ಒಗ್ಗರಣೆಯ ಘಮ. ಊರುಗೋಲು ತೊಡೆಯ ಮೇಲಿತ್ತು.

"ಮಾವ, ಆ ಹಳೇ ಬುಷ್ ಕೊಡ್ತೀರಾ? ಲ್ಯಾಬಿಗೆ ಬೇಕು. ಅದರ ಬದಲು ಹೊಸದು ತಂದಿದ್ದೀನಿ. ಅದೇ ಬಣ್ಣ, ಅದೇ ಪಾಕ, ಒಂದು ಕೂದಲೆಳೆ ವ್ಯತ್ಯಾಸ ಇಲ್ಲ."

"ಅದನ್ನ ಏನು ಮಾಡ್ತೀರಿ?"

"ಕೊಯ್ದು ನೋಡ್ತೀವಿ."

ಮಾವ ಊರುಗೋಲನ್ನು ತೊಡೆಯಿಂದೆತ್ತಿ ಕಂಕುಳಿಗೆ ಸೇರಿಸಿಕೊಂಡರು. ಅದರ ಬುಡದ ಮೇಲೆ ಅಂಗೈ ಮುಚ್ಚಿದರು.

"ಒಂದೇ ಒಂದು ದಿನದ ಕೆಲಸ ಮಾವ, ದಯವಿಟ್ಟು."

"ಕೊಡಲ್ಲ," ಎಂದರು ಮಾವ.